ಹೊಸ್ತಿಲು ದಾಟದ ಕೂಸು

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮಡಿಲಲ್ಲಿ ಕೂಸಿಟ್ಟುಕೊಂಡು ಕೂತವಳ ಪಕ್ಕ ಇನ್ನೊಬ್ಬ ಹೆಂಗಸು ಬಂದು ಕೂತರೆ ಮಾತು ಶುರುವಾಗುವುದು ಕೂಸಿನಿಂದಲೇ. ‘ಎಷ್ಟು ತಿಂಗಳವ್ವ? ಮಗುಚ್ಕತ್ತದಾ? ಕೂತ್ಕತ್ತದಾ? ಹಲ್ಲು ಬಂದವಾ?’ ಯಾವೂರು, ಯಾರ ಮನೆ ಎಂಬುದೆಲ್ಲ ಆಮೇಲೆ. ಬಂಡೀಪುರದ ಕಡೆಯ ಬಸ್ಸು ಬರುವಷ್ಟರಲ್ಲಿ ಕೂಸಿನ ಅರ್ಧ ಚರಿತ್ರೆ ಹೊರಬಿದ್ದಿರುತ್ತದೆ.

ಇದನ್ನು ಹರಟೆ ಎಂದು ತಳ್ಳಿಹಾಕುವಂತಿಲ್ಲ. ಮಕ್ಕಳ ವೈದ್ಯರು ತಮ್ಮ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳಿಗೆ ಬಂದ ಉತ್ತರವನ್ನು. ಕತ್ತು ನಿಲ್ಲುವುದು, ಬೋರಲು ಬೀಳುವುದು, ಆಸರೆಯಿಲ್ಲದೆ ಕೂರುವುದು, ಅಂಬೆಗಾಲು, ಗೋಡೆ ಹಿಡಿದು ನಿಲ್ಲುವುದು. ಕೂಸು ಹೊಸ್ತಿಲು ದಾಟಿದ ದಿನ ಕಾಯಿ ಒಡೆದು ನೆರೆಮನೆಗೆ ಸಿಹಿ ಹಂಚುವವರು ಈಗಲೂ ಇದ್ದಾರೆ. ಅಂದರೆ ಬೆಳವಣಿಗೆಯ ಪಂಚಾಂಗವೊಂದು ಮನೆಯಲ್ಲೇ ಇದೆ, ಅದರಲ್ಲಿ ಹಬ್ಬಗಳೂ ಗೊತ್ತಾಗಿವೆ. ಹಬ್ಬ ಹೊತ್ತಿಗೆ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಆ ಪಂಚಾಂಗ ಹೇಳುವುದಿಲ್ಲ. ಆಗ ಸಮಾಧಾನದ ಮಾತುಗಳು ಬರುತ್ತವೆ. ‘ಗಂಡು ಕೂಸು, ತಡ ಬಿಡು.’ ‘ಅವರಪ್ಪನೂ ಮೂರು ವರ್ಸಕ್ಕೆ ಮಾತಾಡಿದ್ದು.’ ‘ದಪ್ಪಗದೆ, ಅದಕ್ಕೇ ಕೂರಕ್ಕಾಗಲ್ಲ.’

ಈ ಮಾತುಗಳು ಎಷ್ಟೋ ಸಲ ನಿಜವೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆಸರೆಯಿಲ್ಲದೆ ಕೂರುವುದಕ್ಕೆ 3.8 ತಿಂಗಳಿಂದ 9.2 ತಿಂಗಳವರೆಗೆ, ಒಂಟಿಯಾಗಿ ನಡೆಯುವುದಕ್ಕೆ 8.2 ತಿಂಗಳಿಂದ 17.6 ತಿಂಗಳವರೆಗೆ ಅವಕಾಶವಿದೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನೇರವಾಗಿ ಎದ್ದು ನಡೆದಿದ್ದವು. ಎದುರುಮನೆಯ ಕೂಸು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಇನ್ನೂ ಇಲ್ಲ ಎಂಬ ಸಂಕಟಕ್ಕೆ ಅರ್ಥವಿಲ್ಲ. ಆದರೆ ಈ ಅವಕಾಶಕ್ಕೊಂದು ಕೊನೆಯಿದೆ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದ, ಒಂಬತ್ತು ತಿಂಗಳಾದರೂ ಕೂರದ, ಒಂದೂವರೆ ವರ್ಷವಾದರೂ ಹೆಜ್ಜೆಯಿಡದ ಕೂಸನ್ನು ‘ನಿಧಾನಕ್ಕೆ ಸರಿಹೋಗುತ್ತೆ’ ಎಂದು ಮನೆಯಲ್ಲಿ ಇರಿಸಿಕೊಳ್ಳಬಾರದು. ಎರಡು ತಿಂಗಳು ದಾಟಿದರೂ ತಾಯಿಯ ಮುಖ ನೋಡಿ ನಗದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಟ್ಟುಕೊಂಡರೆ, ಕಲಿತಿದ್ದನ್ನು ಮರೆಯತೊಡಗಿದರೆ ಕಾಯುವುದಕ್ಕೆ ಇನ್ನೂ ಕಡಿಮೆ ಕಾರಣವಿದೆ. ‘ಎಡಚ, ಅವರಜ್ಜನ ಹಾಗೆ’ ಎಂದು ಖುಷಿಪಟ್ಟ ಮನೆಯಲ್ಲಿ ಆಮೇಲೆ ಕೂಸಿನ ಬಲಗೈಯೇ ದುರ್ಬಲವೆಂದು ಗೊತ್ತಾಗುವುದುಂಟು.

ವೈದ್ಯರು ಇದನ್ನು ಸೈಕೋಮೋಟಾರ್ ಬೆಳವಣಿಗೆ ಎನ್ನುತ್ತಾರೆ. ಮನಸ್ಸು, ಚಲನೆ ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿರುವುದು ಸುಮ್ಮನಲ್ಲ. ಆರು ತಿಂಗಳ ಕೂಸಿನ ಬುದ್ಧಿ ಅಳೆಯಲು ಅದರ ಸ್ನಾಯುಗಳ ಹೊರತು ಬೇರೆ ಕಿಟಕಿಯಿಲ್ಲ. ಗಿಲಕಿ ಕಂಡು ಕೈಚಾಚಿತೇ, ಬಿದ್ದ ಚಮಚವನ್ನು ಬಗ್ಗಿ ಹುಡುಕಿತೇ, ಅಜ್ಜಿಯ ದನಿಗೆ ತಿರುಗಿತೇ ಎಂಬುದರಲ್ಲೇ ಅದು ಕಾಣಬೇಕು.

ತಡವಾಗಬಹುದಾದ ಕೂಸು ಯಾವುದು ಎಂಬ ಸುಳಿವು ಅದು ಕೂರದೆ ಉಳಿಯುವುದಕ್ಕಿಂತ ಎಷ್ಟೋ ಮುಂಚೆ ಬರವಣಿಗೆಯಲ್ಲಿ ಇರುತ್ತದೆ. ನಾನು ಹೇಳುತ್ತಿರುವುದು ತಾಯಿ ಕಾರ್ಡಿನ ಬಗ್ಗೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡು, ಆಧಾರ್ ಜತೆ ಟ್ರಂಕಿನಲ್ಲಿಡುವ ಆ ಕಾರ್ಡು. ಬಸುರಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಹೆರಿಗೆ ಎಲ್ಲಿ, ಹೇಗೆ, ಕೂಸಿನ ತೂಕ, ಆಮೇಲೆ ಚುಚ್ಚುಮದ್ದಿನ ದಿನಾಂಕಗಳು. ಚುಚ್ಚುಮದ್ದಿನ ಪುಟ ಯಾವಾಗಲೂ ತುಂಬಿರುತ್ತದೆ. ಕೂಸು ಯಾವ ವಯಸ್ಸಿಗೆ ಏನು ಮಾಡಬೇಕೆಂದು ಚಿತ್ರ ಬಿಡಿಸಿ ತೋರಿಸಿದ ಪುಟದ ಮೇಲೆ ಪೆನ್ನಿನ ಗುರುತು ಕಾಣುವುದು ಅಪರೂಪ. ಇಡೀ ಕಾರ್ಡನ್ನು ಕತೆಯ ಹಾಗೆ ಮೊದಲಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ.

ಓದಲು ಕೂತರೆ ಮೊದಲು ಸಿಗುವುದು ಹಿಮೋಗ್ಲೋಬಿನ್ನಿನ ಸಾಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಕಬ್ಬಿಣ ಎಂದರೆ ರಕ್ತದ ಬಣ್ಣ ಮಾತ್ರ ಎಂದುಕೊಂಡಿದ್ದೇವೆ. ಮೆದುಳಿನ ನರತಂತುಗಳ ಮೇಲೆ ಕೊಬ್ಬಿನ ಹೊದಿಕೆ ಬೆಳೆಯುವುದಕ್ಕೂ, ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವುದಕ್ಕೂ ಅದು ಬೇಕು. ಕೋಸ್ಟಾರಿಕಾದಲ್ಲಿ ಬೆಟ್ಸಿ ಲೋಜಾಫ್ ಮತ್ತು ಅವರ ತಂಡ ಶೈಶವದಲ್ಲಿ ತೀವ್ರವಾಗಿ ಕಬ್ಬಿಣ ಕಡಿಮೆಯಿದ್ದ ಮಕ್ಕಳನ್ನು ಹತ್ತೊಂಬತ್ತು ವರ್ಷದವರೆಗೂ ಹಿಂಬಾಲಿಸಿತು. ಆಗಲೇ ಔಷಧ ಕೊಟ್ಟು ರಕ್ತ ಸರಿಯಾಗಿದ್ದರೂ ಕಲಿಕೆಯಲ್ಲಿ ಅವರು ಹಿಂದೆಯೇ ಉಳಿದಿದ್ದರು. ಬಸುರಿಗೆ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ, ಹೊಟ್ಟೆ ತೊಳಸುತ್ತದೆ, ‘ಕೂಸು ಕಪ್ಪಗಾಗ್ತದೆ’ ಎಂಬ ಮಾತೂ ಸೇರಿಕೊಳ್ಳುತ್ತದೆ. ಕಾರ್ಡಿನಲ್ಲಿ ಮಾತ್ರೆ ಕೊಟ್ಟ ಲೆಕ್ಕವಿದೆ. ನುಂಗಿದ ಲೆಕ್ಕಕ್ಕೆ ಅಂಕಣವಿಲ್ಲ.

ಚಾಮರಾಜನಗರದಲ್ಲಿ ರಕ್ತಹೀನತೆಗೆ ಇನ್ನೊಂದು ಮುಖವೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸದಿಂದಾಗಿ ಅಲ್ಲಿನ ಗಿರಿಜನರಾದ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಇರುವುದು ಬೆಳಕಿಗೆ ಬಂತು. ಗಂಡ ಹೆಂಡತಿ ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಹುಟ್ಟಿದ ಕೆಲವು ತಿಂಗಳು ಕೂಸಿನ ರಕ್ತದಲ್ಲಿ ಗರ್ಭದ ಕಾಲದ ಹಿಮೋಗ್ಲೋಬಿನ್ ಉಳಿದಿರುವುದರಿಂದ ಕಾಯಿಲೆ ಮರೆಯಲ್ಲಿರುತ್ತದೆ. ಅರ್ಧ ವರ್ಷ ಕಳೆಯುತ್ತಿದ್ದಂತೆ ಕೈಕಾಲು ಬೆರಳು ಊದುವುದು, ಪದೇಪದೇ ಜ್ವರ, ಬಿಳಿಚುವಿಕೆ; ಮುಂದೆ ಮೆದುಳಿನ ರಕ್ತನಾಳವೇ ಕಟ್ಟಿಕೊಳ್ಳಬಹುದು. ಈ ಕಾಯಿಲೆಯ ನಿರ್ಮೂಲನೆಗೆ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಗಿದೆ, ಗುರಿ 2047. ಕಾಡಿನ ಹಾಡಿ, ಪೋಡುಗಳ ಬಸುರಿಗೆ ‘ರಕ್ತ ಕಡಿಮೆ’ ಎಂದು ಬರೆದು ಮಾತ್ರೆ ಕೊಟ್ಟು ಕಳಿಸುವ ಬದಲು ಯಾಕೆ ಕಡಿಮೆ ಎಂದು ಕೇಳಬೇಕಾದ ಜಿಲ್ಲೆ ನಮ್ಮದು.

ಪೌಷ್ಟಿಕತೆಯ ಮಾತಿಗೆ ದೂರ ಹೋಗಬೇಕಿಲ್ಲ, ಮೈಸೂರು ಗುಂಡ್ಲುಪೇಟೆಯಿಂದ ಅರವತ್ತು ಕಿಲೋಮೀಟರ್. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಅಂಥ ದಫ್ತರವನ್ನು ಇಲಿ ತಿನ್ನಲು ಬಿಡದೆ ಕಾಪಾಡಿದವರಿಗೆ ನಮಸ್ಕಾರ ಹೇಳಬೇಕು, ಜಗತ್ತಿನ ಸಂಶೋಧಕರು ಅದನ್ನು ಹುಡುಕಿಕೊಂಡು ಬಂದರು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ನೂರಕ್ಕೆ 43 ತಾಯಂದಿರಿಗೆ ಬಿ12 ಜೀವಸತ್ವ ಕಡಿಮೆಯಿದ್ದದ್ದು ಕಂಡಿತು. ಅವರ ಮಕ್ಕಳು ಒಂಬತ್ತು ಹತ್ತು ವರ್ಷಕ್ಕೆ ಬಂದಾಗ ನೆನಪು, ಕಲಿಕೆ, ಗಮನಗಳ ಪರೀಕ್ಷೆ ಮಾಡಿದರು. ಬಸಿರಿನಲ್ಲಿ ಫೋಲೇಟ್ ಚೆನ್ನಾಗಿದ್ದ ತಾಯಂದಿರ ಮಕ್ಕಳು ಮುಂದಿದ್ದರು. ಬಿ12ಗೂ ಅಂಕಗಳಿಗೂ ನಂಟು ಸಿಗಲಿಲ್ಲ. ನಿರೀಕ್ಷೆ ಬೇರೆ ಇತ್ತು ಎಂದು ಕಾಣುತ್ತದೆ. ಆದರೂ ಇದ್ದದ್ದನ್ನು ಇದ್ದ ಹಾಗೇ ಪ್ರಕಟಿಸಿದರು.

ಬಿ12ಗೆ ಇದರಿಂದ ಖುಲಾಸೆ ಸಿಕ್ಕಿತೆಂದು ತಿಳಿಯಬಾರದು. ಅದು ತೀರಾ ತಳ ಮುಟ್ಟಿದಾಗ ಆಗುವುದೇ ಬೇರೆ, ಮತ್ತು ಅದನ್ನು ಜಗತ್ತಿಗೆ ವಿವರಿಸಿದವರು ಭಾರತದ ಮಕ್ಕಳ ವೈದ್ಯರು, 1950ರ ದಶಕದಿಂದ. ಎದೆಹಾಲನ್ನು ಬಿಟ್ಟು ಬೇರೇನೂ ಕಾಣದೆ ಎಂಟು ಹತ್ತು ತಿಂಗಳಾದ ಕೂಸು. ನೋಡಲು ಗುಂಡಗಿದೆ, ಆದರೆ ಬಿಳಿಚಿದೆ. ಕೂದಲು ತೆಳ್ಳಗೆ, ಕೆಂಚಗೆ. ಬೆರಳ ಗೆಣ್ಣುಗಳು ಕಪ್ಪು. ನಗುತ್ತಿದ್ದದ್ದು ನಗುವುದಿಲ್ಲ, ಕೂರುತ್ತಿದ್ದದ್ದು ಕೂರುವುದಿಲ್ಲ, ಒಂದು ದಿನ ಕೈ, ತಲೆ ನಡುಗಲು ಶುರು. ಮನೆಯವರು ಬಾಲಗ್ರಹ ಎಂದು ತಾಯಿತ ಕಟ್ಟಿಸುತ್ತಾರೆ. ತಾಯಿಯ ದೇಹದಲ್ಲೇ ಬಿ12 ಇಲ್ಲದ್ದರಿಂದ ಹಾಲಿನಲ್ಲೂ ಇಲ್ಲ. ಮಾಂಸ, ಮೊಟ್ಟೆ ಮುಟ್ಟದ, ಹಾಲನ್ನು ಡೈರಿಗೆ ಹಾಕಿ ಕಾಫಿಗೆ ನಾಲ್ಕು ಹನಿ ಉಳಿಸಿಕೊಳ್ಳುವ ಮನೆಯ ಬಾಣಂತಿಗೆ ಅದು ಬರುವುದಾದರೂ ಎಲ್ಲಿಂದ? ಚುಚ್ಚುಮದ್ದು ಬಿದ್ದ ಕೆಲವೇ ದಿನಗಳಲ್ಲಿ ಕೂಸು ಮತ್ತೆ ಕಣ್ಣರಳಿಸಿ ನೋಡುತ್ತದೆ. ಬೆಳವಣಿಗೆ ಕುಂಠಿತವಾಗುವ ಕಾರಣಗಳಲ್ಲಿ ಇಷ್ಟು ಬೇಗ ಮಣಿಯುವಂಥವು ಕೆಲವೇ, ಅದರಲ್ಲೂ ತಡವಾದಷ್ಟು ಉಳಿಕೆ ಹೆಚ್ಚು.

ಬಾಣಂತಿಯ ತಟ್ಟೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸೊಪ್ಪು ತಂಡಿ, ಮೊಸರು ಶೀತ, ಹಣ್ಣು ಕೂಸಿಗೆ ಕೆಮ್ಮು, ನೀರು ಕುಡಿದರೆ ಹೊಟ್ಟೆ ಜೋಲು ಎನ್ನುತ್ತ ಅನ್ನ, ಮೆಣಸಿನ ಸಾರಿನ ಮೇಲೆ ನಲವತ್ತು ದಿನ ತಳ್ಳುವ ಬಾಣಂತನ ಪ್ರೀತಿಯಿಂದ ಮಾಡಿದ ಉಪವಾಸ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗೆ ಬಂದು ಬಿಸಿಯೂಟ ಉಣ್ಣಿ ಎಂದರು. ಹಸಿ ಬಾಣಂತಿ ಕೂಸನ್ನೆತ್ತಿಕೊಂಡು ಊಟಕ್ಕೆಂದು ಬೀದಿ ದಾಟಿ ಹೋಗುವುದನ್ನು ಯಾವ ಅತ್ತೆ ಒಪ್ಪುತ್ತಾಳೆ ಎಂದು ಯೋಜನೆ ಬರೆದವರು ಯಾರನ್ನೂ ಕೇಳಿರಲಿಲ್ಲವೇನೋ.

ಕಾರ್ಡಿನ ಮುಂದಿನ ಪುಟ ಹೆರಿಗೆಯದು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಉಳಿದ ಮೂರು ಎಲ್ಲಿವೆ ಎಂದು ಹುಡುಕುವವರು ಕಾಡಂಚಿಗೇ ಬರಬೇಕು. ಮಲೆ ಮಹದೇಶ್ವರ ಬೆಟ್ಟದ ಕಾಡೂರುಗಳಿಂದ ಬಸುರಿಯರನ್ನು ಡೋಲಿಯಲ್ಲಿ ಹೊತ್ತು ತಂದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಬಂಡೀಪುರದ ಮಾತು ಬಂದರೆ ರಾತ್ರಿ ಸಂಚಾರ ನಿಷೇಧದ ಕಡೆ ಬೆರಳು ಹೋಗುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿ ಮುಚ್ಚಿರುವುದು ನಿಜ, ಆದರೆ ಆಂಬುಲೆನ್ಸಿಗೆ ಗೇಟು ತೆರೆಯುತ್ತದೆ. ನಿಷೇಧವನ್ನು ತೆಗೆಸಬೇಕೆನ್ನುವವರು ಬಸುರಿಯ ಹೆಸರು ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೊತ್ತು ಕಳೆಯುವುದು ಹಾಡಿಯಿಂದ ಟಾರು ರಸ್ತೆಯವರೆಗಿನ ಮಣ್ಣಿನ ದಾರಿಯಲ್ಲಿ, ಆನೆ ಸರಿದುಹೋಗಲಿ ಎಂದು ಕಾಯುವುದರಲ್ಲಿ, ಫೋನಿಗೆ ಸಿಗ್ನಲ್ ಹುಡುಕುವುದರಲ್ಲಿ. ಆಮೇಲೆ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಚಾಮರಾಜನಗರಕ್ಕೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಚೀಟಿ. ನೋವು ತಿನ್ನುತ್ತಿರುವವಳಿಗೆ ಮೂರು ಆಸ್ಪತ್ರೆ ದಾಟುವುದೆಂದರೆ ಒಳಗಿರುವ ಕೂಸಿಗೂ ಅಷ್ಟೇ ಹೊತ್ತು.

ಮಕ್ಕಳ ವೈದ್ಯರ ಎದುರು ಕೂತಾಗ ಬರುವ ಮೊದಲ ಪ್ರಶ್ನೆ ‘ಹುಟ್ಟಿದ ತಕ್ಷಣ ಅತ್ತಿತಾ?’ ನೂರು ಕೂಸುಗಳಲ್ಲಿ ಹತ್ತಕ್ಕೆ ಮೊದಲ ಉಸಿರಿಗೆ ಸ್ವಲ್ಪ ಸಹಾಯ ಬೇಕಾಗುತ್ತದೆ. ಒರೆಸಿ, ಬೆನ್ನು ನೀವಿ, ಬೇಕಿದ್ದರೆ ಮುಖವಾಡವಿಟ್ಟು ಗಾಳಿಚೀಲ ಒತ್ತುವ ಕೆಲಸ. ಮೊದಲ ಒಂದು ನಿಮಿಷದೊಳಗೆ ಆಗಬೇಕು. ಇದನ್ನು ದಾದಿಯರಿಗೆ ಕಲಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2009ರಲ್ಲಿ. ಆಮ್ಲಜನಕವಿಲ್ಲದೆ ಮೆದುಳು ಬಳಲಿದರೆ ಮುಂದೆ ಕೈಕಾಲು ಬಿಗಿಯಾಗುವ ಸೆರೆಬ್ರಲ್ ಪಾಲ್ಸಿ, ಅಪಸ್ಮಾರ, ನುಂಗುವ ಕಷ್ಟ ಬರಬಹುದು. ಹಾಗೆಂದು ತಡವಾಗಿ ಅತ್ತ ಕೂಸೆಲ್ಲ ಹೀಗಾಗುವುದಿಲ್ಲ, ಹೆಚ್ಚಿನವು ಚೆನ್ನಾಗಿಯೇ ಬೆಳೆಯುತ್ತವೆ. ಹುಟ್ಟಿದ ಕೂಡಲೇ ಕಿರುಚಿದ ಕೂಸಿಗೂ ಗರ್ಭದಲ್ಲಾದ ಸೋಂಕಿನಿಂದಲೋ ಮೆದುಳಿನ ರಚನೆಯ ದೋಷದಿಂದಲೋ ತಡ ಬರಬಹುದು. ಎಲ್ಲವನ್ನೂ ಹೆರಿಗೆ ಮಾಡಿಸಿದ ನರ್ಸಮ್ಮನ ತಲೆಗೆ ಕಟ್ಟುವುದು ಸುಲಭ. ಒಂಬತ್ತು ತಿಂಗಳ ರಕ್ತಹೀನತೆಗೆ, ಹದಿನೇಳರಲ್ಲಿ ಮಾಡಿದ ಮದುವೆಗೆ, ಬಸಿರಿನಲ್ಲೂ ಬಿಡದ ಹೊಗೆಸೊಪ್ಪು, ಸಾರಾಯಿಗೆ ಅಷ್ಟು ಸುಲಭವಾಗಿ ತಲೆ ಸಿಗುವುದಿಲ್ಲ.

ಹೆರಿಗೆಯ ಕೋಣೆಯಲ್ಲಿ ತಡಮಾಡುವುದೇ ಲೇಸಾದ ಒಂದು ಕೆಲಸವೂ ಇದೆ: ಹೊಕ್ಕುಳಬಳ್ಳಿ ಕತ್ತರಿಸುವುದು. ಚೆನ್ನಾಗಿ ಉಸಿರಾಡುತ್ತಿರುವ ಕೂಸಿನ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಾಸಿನಲ್ಲಿದ್ದ ರಕ್ತ ಕೂಸಿಗೆ ಹರಿದು ತಿಂಗಳುಗಟ್ಟಲೆ ಸಾಲುವ ಕಬ್ಬಿಣ ಕೊಡುತ್ತದೆ. ಸ್ವೀಡನ್ನಿನಲ್ಲಿ ಹೀಗೆ ತಡಮಾಡಿ ಬಳ್ಳಿ ಕತ್ತರಿಸಿದ ಕೂಸುಗಳನ್ನು ನಾಲ್ಕು ವರ್ಷಕ್ಕೆ ಪರೀಕ್ಷಿಸಿದಾಗ, ಬೆರಳಿನ ಸೂಕ್ಷ್ಮ ಕೆಲಸದಲ್ಲಿ ಅವು, ಅದರಲ್ಲೂ ಗಂಡುಮಕ್ಕಳು, ಸ್ವಲ್ಪ ಮುಂದಿದ್ದವು. ಮಾಸು ಬೀಳುವವರೆಗೆ ಬಳ್ಳಿ ಮುಟ್ಟಬಾರದೆನ್ನುತ್ತಿದ್ದ ಹಳೆಯ ಸೂಲಗಿತ್ತಿಯರನ್ನು ಎಷ್ಟು ಬೈದಿದ್ದೇವೆ!

ಎರಡೂವರೆ ಕಿಲೋಗಿಂತ ಕಡಿಮೆ ತೂಕ, 37 ವಾರ ತುಂಬುವ ಮೊದಲೇ ಹೆರಿಗೆ ಎಂದು ಕಾರ್ಡಿನಲ್ಲಿದ್ದರೆ ಆ ಕೂಸಿನ ಮೇಲೆ ಕಣ್ಣಿಡಬೇಕು. ಒಂದೂವರೆ ಕಿಲೋಗಿಂತ ಕಡಿಮೆಯಿದ್ದರೆ, 32 ವಾರಕ್ಕೂ ಮೊದಲು ಬಂದಿದ್ದರೆ ಇನ್ನೂ ಹೆಚ್ಚು. ಅಂಥ ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕಾಂಗರೂ ಆರೈಕೆ ಹುಟ್ಟಿದ್ದು ಕೊಲಂಬಿಯಾದ ಬೊಗೋಟಾದಲ್ಲಿ, 1978ರ ಹೊತ್ತಿಗೆ, ಇನ್‌ಕ್ಯುಬೇಟರ್ ಸಾಲದಾದಾಗ. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜತೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ದು ತೋರಿಸಿದ್ದಾರೆ. ತಂದೆಯ ಎದೆಯೂ ಆಗುತ್ತದೆ, ಅಜ್ಜಿಯದೂ ಆಗುತ್ತದೆ. ಇಂಥ ಕೂಸಿನ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಬಂದ ಕೂಸು ಆರನೇ ತಿಂಗಳಲ್ಲಿ ನಾಲ್ಕು ತಿಂಗಳ ಕೂಸಿನಂತಿದ್ದರೆ ಅದು ತಡವೇ ಅಲ್ಲ.

ಮೊದಲ ವಾರದ ಕಾಮಾಲೆಯನ್ನು ನಮ್ಮಲ್ಲಿ ಬಿಸಿಲಿಗೆ ಬಿಡುತ್ತಾರೆ. ಆ ನಂಬಿಕೆ ಬುಡವಿಲ್ಲದ್ದೇನಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಜೀನ್ ವಾರ್ಡ್ ಎಂಬ ನರ್ಸ್ ಕೂಸುಗಳನ್ನು ಬಿಸಿಲಿಗೆ ಒಯ್ದಾಗ, ಬಟ್ಟೆ ಮುಚ್ಚಿದ್ದ ಕಡೆ ಬಿಟ್ಟು ಉಳಿದೆಡೆ ಹಳದಿ ಇಳಿದದ್ದನ್ನು ಕಂಡರು. ಇವತ್ತಿನ ನೀಲಿ ದೀಪದ ಚಿಕಿತ್ಸೆ ಬೆಳೆದದ್ದು ಅಲ್ಲಿಂದಲೇ. ಆದರೆ ಜಗಲಿಯ ಎಳೆಬಿಸಿಲು ಆ ದೀಪವಲ್ಲ. ಅಂಗಾಲಿನವರೆಗೂ ಹಳದಿ ಇಳಿದ, ಹಾಲು ಬಿಟ್ಟು ಮಂಕಾದ ಕೂಸಿನ ಮೆದುಳಿಗೆ ಆ ಬಣ್ಣ ಹತ್ತಿದರೆ ಕಿವಿ ಹೋಗುತ್ತದೆ, ಕೈಕಾಲು ಹತೋಟಿ ತಪ್ಪುತ್ತದೆ. ಅದನ್ನು ಅಳಿಸುವ ಔಷಧವಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹೊಗಳಿಸಿಕೊಳ್ಳುವ ಕೂಸು. ‘ಬಲೇ ಸಾಧು, ಅಳೋದೇ ಇಲ್ಲ, ಹಾಲಿಗೂ ಎಬ್ಬಿಸಬೇಕು.’ ಇದರ ಜತೆ ಮಲಬದ್ಧತೆ, ಒಣ ಚರ್ಮ, ದಪ್ಪ ನಾಲಿಗೆ, ವಾರಗಟ್ಟಲೆ ಇಳಿಯದ ಕಾಮಾಲೆ ಇದ್ದರೆ ಅದು ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಕೂಸಿರಬಹುದು. ಸುಮಾರು ಸಾವಿರಕ್ಕೊಂದು ಕೂಸಿಗೆ ಹೀಗಿರುತ್ತದೆ. ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಗೊತ್ತಾಗುತ್ತದೆ. ಎರಡು ವಾರದೊಳಗೆ ದಿನಕ್ಕೊಂದು ಅಗ್ಗದ ಮಾತ್ರೆ ಶುರುವಾದರೆ ಎಲ್ಲರಂತೆ ಬೆಳೆಯುವ ಕೂಸು, ಆರು ತಿಂಗಳು ಬಿಟ್ಟರೆ ಬುದ್ಧಿಮಾಂದ್ಯವಾಗುತ್ತದೆ. ಇಷ್ಟು ಸಣ್ಣ ಪರೀಕ್ಷೆ ಇನ್ನೂ ಎಲ್ಲ ಹೆರಿಗೆ ಆಸ್ಪತ್ರೆಗಳ ವಾಡಿಕೆಯಾಗಿಲ್ಲ ಎನ್ನುವುದಕ್ಕೆ ಯಾವ ಸಬೂಬೂ ನನಗೆ ಸರಿ ಕಾಣದು.

ಕಿವಿಯ ಮಾತು ಬಂತಲ್ಲ. ತಿರುಗಿ ನೋಡದ, ಮಾತು ಬಾರದ ಕೂಸನ್ನು ಮಂಕು ಎಂದುಬಿಡುತ್ತಾರೆ, ಎಷ್ಟೋ ಸಲ ಅದಕ್ಕೆ ಕೇಳಿಸುತ್ತಿರುವುದಿಲ್ಲ ಅಷ್ಟೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲೂ, ಕರುಣಾ ಟ್ರಸ್ಟ್ ನಡೆಸುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆ ಸಂಸ್ಥೆಯ ಸೇವಾ ಘಟಕ ಕೆಲಸ ಮಾಡಿದೆ. ಹುಟ್ಟುಕಿವುಡಿಗೂ, ಇನ್ನೂ ಹಲವು ಅಪರೂಪದ ಕಾಯಿಲೆಗಳಿಗೂ ರಕ್ತಸಂಬಂಧದ ಮದುವೆ ದಾರಿ ಮಾಡಿಕೊಡುತ್ತದೆ. ಕರ್ನಾಟಕದಲ್ಲಿ ನೂರಕ್ಕೆ 27ರಷ್ಟು ಮದುವೆಗಳು ಇನ್ನೂ ನೆಂಟರೊಳಗೇ ಆಗುತ್ತವೆ. ಅತ್ತೆಮಗ ಮಾವನಮಗಳ ಮದುವೆಗಿಂತ ಸೋದರಮಾವನ ಮದುವೆಯಲ್ಲಿ ಈ ಅಪಾಯ ದುಪ್ಪಟ್ಟು ಹತ್ತಿರ. ‘ನಮ್ಮಲ್ಲಿ ಎಲ್ಲರೂ ಹಾಗೇ ಮಾಡ್ಕಂಡವ್ರೆ, ಏನಾಗದೆ?’ ಎಂಬುದಕ್ಕೆ ಉತ್ತರವೂ ಇದೆ: ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಮೊದಲ ಕೂಸಿಗೆ ಆಗಿದ್ದರೆ ಎರಡನೆಯದಕ್ಕೆ ಮುಂಚೆ ಕೇಳಲೇಬೇಕು.

ಆರು ತಿಂಗಳಾಗುತ್ತಿದ್ದಂತೆ ತಾಯಿಯಿಂದ ತಂದ ಕಬ್ಬಿಣ ಮುಗಿಯುತ್ತದೆ, ಊಟ ಶುರುವಾಗಬೇಕು. ನಮ್ಮ ರಾಗಿ ಸರಿಗೆ ಸಮನಾದದ್ದು ಅಂಗಡಿಯ ಡಬ್ಬದಲ್ಲಿಲ್ಲ ಎಂದು ನಂಬಿದವನು ನಾನು, ಆದರೆ ರಾಗಿಯ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟಿನಲ್ಲಿ ಆ ಹಿಡಿತ ಸಡಿಲ. ಜತೆಗೆ ಬೇಳೆ, ಸೊಪ್ಪು, ಒಂದು ಹನಿ ನಿಂಬೆ, ತಿನ್ನುವ ಮನೆಯಾದರೆ ಮೊಟ್ಟೆ. ಟೀಗೆ ಬನ್ ಅದ್ದಿ ತಿನ್ನಿಸುವುದು ಮಾತ್ರ ಇದ್ದ ಕಬ್ಬಿಣವನ್ನೂ ತಡೆಯುವ ದಾರಿ.

ಆದರೆ ಆರು ತಿಂಗಳ ಹೊತ್ತಿಗೆ ಕೂಸು ಊರಲ್ಲೇ ಇರುತ್ತದೆಂಬ ಖಾತರಿಯಿಲ್ಲ. ಕಾಡಂಚಿನ ಹಾಡಿಗಳಿಂದ ಶುಂಠಿ ಹೊಲಕ್ಕೆ, ಕೊಡಗಿನ ಕಾಫಿ ತೋಟಕ್ಕೆ, ವಯನಾಡಿಗೆ ಕೂಲಿಗೆ ಹೋಗುವವರ ಜತೆ ಅದೂ ಹೋಗುತ್ತದೆ. ಮೂರನೇ, ಆರನೇ, ಒಂಬತ್ತನೇ, ಹನ್ನೆರಡನೇ, ಹದಿನೈದನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೇ ಬಂದು ಕೂಸನ್ನು ನೋಡಬೇಕೆಂಬ ನಿಯಮವಿದೆ, ಬೆಳವಣಿಗೆಯ ಚಿತ್ರಗಳ ಪುಟ ತೆರೆಯಬೇಕಾದ್ದು ಆಗಲೇ. ಅವಳು ಬಂದಾಗ ಬಾಗಿಲಿಗೆ ಚಿಲಕ. ತೋಟದ ಲೈನ್‌ಮನೆಯ ಬಳಿ ಮರದ ನೆರಳಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು ದಿನವಿಡೀ ಮಲಗಿರುತ್ತದೆ, ಕಾಯಲು ಐದು ವರ್ಷದ ಅಕ್ಕ. ಹೊಟ್ಟೆಗಿದ್ದರೂ ಮಾತಾಡಿಸುವವರಿಲ್ಲದೆ ಸೊರಗುವುದು ಬೆಳವಣಿಗೆಗೆ ಹೊಡೆತ ಕೊಡುವ ಕಾರಣಗಳಲ್ಲಿ ಒಂದೆಂದು ವೈದ್ಯಪುಸ್ತಕಗಳಲ್ಲೇ ಇದೆ. ಹೆತ್ತ ಮೇಲೆ ಮನಸ್ಸು ಕುಗ್ಗಿ, ಕೂಸಿನ ಮುಖ ನೋಡಲೂ ಬೇಸರಪಡುವ ತಾಯಿಯ ಮನೆಯಲ್ಲೂ ಆಗುವುದು ಇದೇ. ಅದು ಸೊಕ್ಕಲ್ಲ, ಖಿನ್ನತೆ.

ಜಮೈಕಾದಲ್ಲಿ ಸ್ಯಾಲಿ ಗ್ರಂಥಮ್ ಮೆಕ್‌ಗ್ರೆಗರ್ 1980ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಕುಳ್ಳಾಗಿ ಸೊರಗಿದ್ದ 129 ಮಕ್ಕಳು, ಒಂಬತ್ತು ತಿಂಗಳಿಂದ ಎರಡು ವರ್ಷದವು. ಅವುಗಳಲ್ಲಿ ಕೆಲವು ಗುಂಪಿನ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಕೂಸಿನ ಜತೆ ಆಡುವುದನ್ನು ತಾಯಿಗೆ ಕಲಿಸಿದಳು, ಎರಡು ವರ್ಷ. ಇಪ್ಪತ್ತು ವರ್ಷದ ಮೇಲೆ ಹುಡುಕಿ ನೋಡಿದಾಗ ಆ ಮಕ್ಕಳ ಸಂಪಾದನೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಬರೀ ಪೌಷ್ಟಿಕ ಆಹಾರ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಇಂಥ ಕೆಲಸಕ್ಕೆ ನಮ್ಮಲ್ಲೂ ಜಾಗವಿತ್ತು: ನಮ್ಮ ನೆರೆಯ ತಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿ ಯೋಜನೆ ಶುರುವಾಯಿತು. ಅರ್ಧ ಶತಮಾನದಲ್ಲಿ ನಾವು ಅಂಗನವಾಡಿಯನ್ನು ಮೂರು ವರ್ಷ ತುಂಬಿದವರ ಉಪ್ಪಿಟ್ಟಿನ ಜಾಗ ಮಾಡಿಕೊಂಡೆವು. ಮೆದುಳು ಓಡೋಡಿ ಬೆಳೆಯುವ ಅದಕ್ಕೂ ಮುಂಚಿನ ವರ್ಷಗಳು ಜೋಲಿಯಲ್ಲೇ ಕಳೆದವು. ಉದ್ಯೋಗಖಾತ್ರಿಯ ತಾಯಂದಿರಿಗಾಗಿ 2023-24ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಬಂದ ‘ಕೂಸಿನ ಮನೆ’ಗಳು ಈ ಕೊರತೆಯನ್ನು ಸರಿಯಾದ ಹೆಸರಿನಿಂದ ಗುರುತಿಸಿವೆ. ಅಲ್ಲಿ ಕೂಸಿನ ಜತೆ ನೆಲದ ಮೇಲೆ ಕೂತು ಆಡುವವರು ಇದ್ದಾರೆಯೇ ಎಂಬುದು ಊರಿಂದೂರಿಗೆ ಬೇರೆ.

ತಡವೆಂದು ಗೊತ್ತಾದ ಮೇಲೆ ಹೋಗುವುದೆಲ್ಲಿಗೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತದೆ, ಅನುಮಾನವಿದ್ದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆದುಕೊಡುತ್ತದೆ. ಚಿಕಿತ್ಸೆಗೆ ಹಣ ಬೇಕಿಲ್ಲ. ವಾರಕ್ಕೊಂದು ದಿನದ ಕೂಲಿ ಬೇಕು, ಎರಡು ಬಸ್ಸು ಬೇಕು, ಮನೆಯಲ್ಲಿ ಇನ್ನೊಂದು ಕೂಸನ್ನು ನೋಡಿಕೊಳ್ಳುವವರು ಬೇಕು. ಮೂರನೇ ವಾರಕ್ಕೆ ‘ಏನೂ ಗುಣ ಕಾಣ್ನಿಲ್ಲ’ ಎಂದು ಬಿಡುವವರನ್ನು ಬೈಯುವ ಮೊದಲು ಬಂಡೀಪುರದಂಚಿನ ಮೇಲುಕಾಮನಹಳ್ಳಿಯಿಂದ ಚಾಮರಾಜನಗರಕ್ಕೆ ಬಿಗಿಗಾಲಿನ ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡು ಒಮ್ಮೆ ಹೋಗಿಬರಬೇಕು.

ಅದಕ್ಕೇ ಚಿಕಿತ್ಸೆಯ ಬಹುಪಾಲು ಮನೆಯಲ್ಲೇ ನಡೆಯಬೇಕು. ಅದಕ್ಕೆ ಹೊಸ ಹೊತ್ತು ಹೊಂದಿಸಬೇಕಾಗಿಲ್ಲ, ಸ್ನಾನದ ಹೊತ್ತಿದೆ. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತ ಅಜ್ಜಿ, ಅವಳ ಮೊಣಕಾಲಿನ ಮೇಲೆ ಬೋರಲು ಮಲಗಿದ ಕೂಸು, ಬೆಚ್ಚನೆ ಎಣ್ಣೆ. ಬೋರಲು ಮಲಗಿದಾಗ ಕತ್ತು ಎತ್ತಿಸುವುದು, ಅಂಗಾತ ಹಾಕಿ ಎರಡೂ ಕೈಯನ್ನು ನಡುವಿಗೆ ತರುವುದು, ಹೆಬ್ಬೆರಳನ್ನು ಮುಷ್ಟಿಯಿಂದ ಬಿಡಿಸುವುದನ್ನು ಫಿಸಿಯೋಥೆರಪಿಯವರು ಒಮ್ಮೆ ತೋರಿಸಿಕೊಟ್ಟರೆ ಅವಳ ಕೈಗೆ ಹತ್ತುವುದು ಕಷ್ಟವಲ್ಲ. ಮೂಗು ನೀವುವುದು, ಕಿವಿಗೆ ಎಣ್ಣೆ ಬಿಡುವುದು ಬಿಡಲಿ. ಕತ್ತರಿಯಂತೆ ಒಂದರ ಮೇಲೊಂದು ಏರುವ ಕಾಲುಗಳನ್ನು ಎಳೆದು ನೆಟ್ಟಗೆ ಮಾಡಹೋಗದೆ, ಮೊದಲು ಮಂಡಿ ಮಡಚಿ, ಬಿಗಿ ಸಡಿಲುವವರೆಗೆ ಕಾದು, ಆಮೇಲೆ ಮೆಲ್ಲಗೆ ಅಗಲಿಸಬೇಕು. ಕಾಯುವಾಗ ಅದರ ಮುಖ ನೋಡಿ ಮಾತಾಡುತ್ತಿರಬೇಕು, ಅದೂ ಚಿಕಿತ್ಸೆಯೇ. ಬಿಸಿನೀರು ಹುಯ್ಯುವುದು ಅದಾದ ಮೇಲೆ.